ಹಳೆಯ ಮೋಟಾರು ಕ್ಯಾಟಲಾಗುಗಳು ನಿಮಗೆ ಎಲ್ಲಿ ಸಿಗುತ್ತವೆ?

ಹಳೆಯ ಅಂಬಾಸಿಡರನ್ನು ಸಾಕಿಕೊಂಡವರು, ಅಜ್ಜನ ಲ್ಯಾಂಡ್‌ಮಾಸ್ಟರ್ ಕಾರಿಗೆ ಮತ್ತೆ ಜೀವ ಕೊಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಇದನ್ನೇ: ಆ ಕಾಲದ ಮೋಟಾರು ಪತ್ರಿಕೆಗಳು, ಬಿಡಿಭಾಗಗಳ ಪಟ್ಟಿಗಳು ಎಲ್ಲಿ ಸಿಗುತ್ತವೆ? ಗ್ರಂಥಾಲಯಗಳಲ್ಲಿ ಅಪರೂಪ. ಬಾಗಿಲು ಹಾಕಲು ಹೊರಟಿರುವ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಅಟ್ಟದಲ್ಲಿ ಹೆಚ್ಚು.

ಅದಕ್ಕೆ ಕಾರಣವಿದೆ. ಬಿಡಿಭಾಗಗಳ ಕ್ಯಾಟಲಾಗನ್ನು ಯಾರೂ ಪುಸ್ತಕವೆಂದು ಎಣಿಸಿದವರಲ್ಲ. ಹೊಸ ದರಪಟ್ಟಿ ಬಂದ ದಿನ ಹಳೆಯದು ರದ್ದಿಗೆ ಹೋಗುತ್ತಿತ್ತು. ಇನ್ನು ಪತ್ರಿಕೆಗಳ ಕಥೆ ಬೇರೆ. ಇಂಗ್ಲೆಂಡಿನ ‘ದಿ ಆಟೋಕಾರ್’ 1895ರಲ್ಲೇ ಶುರುವಾದ, ಕಾರು ಪ್ರಿಯರ ಪತ್ರಿಕೆ. ಅದರ ಹಳೆಯ ಸಂಪುಟಗಳು ಹೇಗೋ ಉಳಿದಿವೆ. ಆದರೆ ಹಲವು ಗ್ರಂಥಾಲಯಗಳಲ್ಲಿ ಸಂಪುಟ ಕಟ್ಟಿಸುವಾಗ ರಕ್ಷಾಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಬಿಸಾಡುವ ರೂಢಿಯಿತ್ತು. ನಮಗೆ ಬೇಕಾದದ್ದು ಆ ಹಾಳೆಗಳೇ! ಲೇಖನಗಳನ್ನು ಜೋಪಾನವಾಗಿ ಉಳಿಸಿ, ಫಾಗ್ ಲ್ಯಾಂಪು, ಕ್ಯಾರಿಯರ್, ಹಾರ್ನುಗಳ ಚಿತ್ರಗಳನ್ನು ಕಸಕ್ಕೆ ಹಾಕಿದ ಆ ಅಚ್ಚುಕಟ್ಟುತನದ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಓದುಗರ ಪತ್ರಿಕೆಗೇ ಈ ಗತಿಯಾದರೆ, ವ್ಯಾಪಾರಿಗಳಿಗೆಂದೇ ಬರುತ್ತಿದ್ದ, 1905ರಲ್ಲಿ ಹುಟ್ಟಿದ ಲಂಡನ್ನಿನ ‘ಮೋಟಾರ್ ಟ್ರೇಡರ್’, ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ‘ಮೋಟಾರಿಂಡಿಯಾ’ದಂಥವುಗಳ ಹಳೆಯ ಸಂಚಿಕೆ ಹುಡುಕುವವರ ಪಾಡನ್ನು ನೀವೇ ಊಹಿಸಿ.

ಆದ್ದರಿಂದ ವ್ಯಾಪಾರ ನಡೆದ ಬೀದಿಗಳಿಗೇ ಹೋಗಬೇಕು: ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಜನರಲ್ ಪ್ಯಾಟರ್ಸ್ ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್. ಅಲ್ಲಿ ‘ವಿಂಟೇಜ್’ ಎಂಬ ಮಾತನ್ನು ಬಾಯಿಂದ ಬಿಡಬೇಡಿ, ಬೆಲೆ ಅಲ್ಲೇ ಏರುತ್ತದೆ. “ಯಜಮಾನರೇ, ಹಳೆಯ ಪಾರ್ಟ್ ನಂಬರ್ ಪುಸ್ತಕ, ಪ್ರೈಸ್ ಲಿಸ್ಟ್ ಏನಾದರೂ ಇದೆಯೇ?” ಎಂದು ಕೇಳಿ. ಮಾಲೀಕರಿಗಿಂತ ಕೌಂಟರಿನಲ್ಲಿ ಕೂದಲು ಹಣ್ಣಾದವರನ್ನು ಕೇಳುವುದು ಇನ್ನೂ ಲೇಸು. ಯಾವ ಕಪಾಟಿನ ಹಿಂದೆ ಏನಿದೆಯೆಂದು ಅವರಿಗೇ ಗೊತ್ತು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವರ ಬಳಿಯೂ ಒಮ್ಮೊಮ್ಮೆ ಸಿಗುತ್ತವೆ. ಹೊರದೇಶದ ಸರಕೇ ಬೇಕೆಂದರೆ ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ನಡೆಯುತ್ತಿರುವ ಹಳೆಯ ಮೋಟಾರು ಸಾಮಾನುಗಳ ಸಂತೆಯಿದೆ, ಅಮೆರಿಕದ ಹರ್ಷಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ಅದಕ್ಕಿಂತ ದೊಡ್ಡದೊಂದು ನಡೆಯುತ್ತದೆ. ಆ ಕಡೆ ಇರುವ ನೆಂಟರನ್ನು ಕಾಡಿಸಲು ಸಂಕೋಚ ಬೇಡ.

ಸಿಕ್ಕಿದ ಮೇಲೆ ನಿಜವಾದ ಕೆಲಸ ಆರಂಭ. ಬಹುಪಾಲು ಕ್ಯಾಟಲಾಗುಗಳ ಮೇಲೆ ಇಸವಿಯೇ ಇರುವುದಿಲ್ಲ. ಹಳತಾಗಿ ಕಾಣಬಾರದೆಂದು ವ್ಯಾಪಾರಿಗಳು ಬೇಕೆಂದೇ ಬಿಡುತ್ತಿದ್ದರು. ಆದರೆ ಬೆಲೆ ಮತ್ತು ವಿಳಾಸ ಗುಟ್ಟು ಬಿಟ್ಟುಕೊಡುತ್ತವೆ. ರೂಪಾಯಿ, ಆಣೆ, ಪೈ ಲೆಕ್ಕದಲ್ಲಿದ್ದರೆ ಅದು ಬಹುತೇಕ 1957ರ ಏಪ್ರಿಲಿಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರವರೆಗಿನದು, ಏಕೆಂದರೆ ಆ ವರ್ಷ ಜೂನಿನಲ್ಲಿ ‘ನಯೇ’ ಬಿದ್ದುಹೋಯಿತು. ವಿಳಾಸದಲ್ಲಿ 560002 ಎಂದು ಪೂರ್ತಿ ಇದ್ದರೆ ಪಿನ್ ಕೋಡ್ ಬಂದ 1972ರ ಆಗಸ್ಟ್ 15ರ ನಂತರದ್ದೇ. ಬರೀ ‘ಬೆಂಗಳೂರು-2’ ಎಂದಿದ್ದರೆ ಮಾತ್ರ ಅದಕ್ಕಿಂತ ಹಿಂದಿನದೆಂದು ನಂಬಬೇಡಿ. ಹಳೆಯ ಅಭ್ಯಾಸ ಬಿಡದವರು ಆಮೇಲೂ ಬಹಳ ಕಾಲ ಹಾಗೆಯೇ ಅಚ್ಚು ಹಾಕಿಸುತ್ತಿದ್ದರು. ‘ಮೈಸೂರು ರಾಜ್ಯ’ ಎಂಬುದಕ್ಕೂ ಇದೇ ಎಚ್ಚರಿಕೆ: ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಆದರೆ ಮಿಕ್ಕ ಹಾಳೆಗಳನ್ನು ಯಾರು ಎಸೆಯುತ್ತಾರೆ? ಸ್ಪಾರ್ಕ್ ಪ್ಲಗ್ ಕೋಷ್ಟಕ ಸಿಕ್ಕರಂತೂ ಹಬ್ಬ. ಯಾವ ಗಾಡಿಗೆ ಯಾವ ಪ್ಲಗ್ ಎಂಬ ಆ ಪಟ್ಟಿಯಲ್ಲಿ ಕೊನೆಗೆ ಸೇರಿದ ಮಾದರಿ ಯಾವುದೆಂದು ನೋಡಿದರೆ ಅಚ್ಚಾದ ಕಾಲ ಸುಮಾರಾಗಿ ತಿಳಿಯುತ್ತದೆ. ಬೆಂಗಳೂರಿನದೇ ಆದ ಮೈಕೋ ಹೆಸರಿದ್ದರೆ 1951ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಕಂಪನಿ ಹುಟ್ಟಿದ್ದೇ ಆಗ.

ಇದೆಲ್ಲ ಕಾಗದದ ಹುಚ್ಚಲ್ಲವೇ ಎನ್ನುವವರಿಗೆ ಒಂದು ಮಾತು. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ ಕಾರು, ಬೈಕುಗಳಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗಬಹುದು. ಆದರೆ ಗಾಡಿ ಮೂಲ ಸ್ವರೂಪದಲ್ಲಿರಬೇಕು. ಮೂಲ ಸ್ವರೂಪ ಯಾವುದೆಂದು ಹೇಳುವವರು ಯಾರು? ನೆನಪನ್ನು ನೆಚ್ಚಿದರೆ ಕೆಡುತ್ತದೆ. ನಮ್ಮ ಗಾಡಿಗಳಲ್ಲಿ ಕಾರ್ಖಾನೆ ಕೂರಿಸಿದ್ದೆಷ್ಟು, ಡೀಲರ್ ಮಾರಿದ್ದೆಷ್ಟು, ಮಾವ ಆಸೆಪಟ್ಟು ಹಾಕಿಸಿದ್ದೆಷ್ಟು ಎಂದು ಬೇರ್ಪಡಿಸಲು ಆ ವರ್ಷದ ಪಾರ್ಟ್ಸ್ ಪಟ್ಟಿಯನ್ನೂ ಆ್ಯಕ್ಸೆಸರಿ ಕ್ಯಾಟಲಾಗನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮುಂಗಾಜಿನ ಮೇಲಿನ ಬಿಸಿಲುಮರೆ, ಬಂಪರ್ ಗಾರ್ಡುಗಳ ವಿಷಯದಲ್ಲಿ ಎಷ್ಟೋ ಜಗಳಗಳು ಹೀಗೆ ತೀರಿವೆ.

ನಕಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಳೆಗಳನ್ನು ಸೇರಿಸಿ ಹೊಡೆದ ಪಿನ್ನು ತುಕ್ಕು ಹಿಡಿದಿದ್ದು ಅದರ ಸುತ್ತ ಕಾಗದಕ್ಕೆ ಕಲೆಯಿಲ್ಲದಿದ್ದರೆ ಅನುಮಾನಪಡಿ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ.

ಮತ್ತೆ, ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: “ನಿಮ್ಮ ಬಳಿಯಿರುವ ಕ್ಯಾಟಲಾಗನ್ನು ಎರಡು ದಿನಕ್ಕೆ ಕೊಡುತ್ತೀರಾ?” ಇಲ್ಲ. ಗಾಡಿಯ ಮಾದರಿ, ಇಸವಿ, ಬೇಕಾದ ಭಾಗದ ಹೆಸರು ಬರೆದು ಕಳಿಸಿ, ಆ ಪುಟದ ಸ್ಕ್ಯಾನ್ ಪ್ರತಿಯನ್ನು ಕಾಸಿಲ್ಲದೆ ಕಳಿಸಿಕೊಡುತ್ತೇನೆ.