ದಿನಚರಿ: ಒಳಕ್ಕೆ ಹೋಗುವ ವಿಭಕ್ತಿ

14 ನವೆಂಬರ್ 2024, ಗುರುವಾರ

ಇವತ್ತು ಫಿನ್ನಿಶ್ ಭಾಷೆಯ ಇಲ್ಲೇಟಿವ್, ಅಂದರೆ ‘ಒಂದರ ಒಳಕ್ಕೆ’ ಎಂದು ಹೇಳುವ ವಿಭಕ್ತಿ. ಪ್ರತ್ಯಯದ ಮಟ್ಟಿಗೆ ಸುಲಭ. ಪದದ ಕೊನೆಯ ಹ್ರಸ್ವ ಸ್ವರವನ್ನು ದೀರ್ಘ ಮಾಡಿ ‘ನ್’ ಹಚ್ಚುವುದು: ತಲೊ (ಮನೆ), ತಲೋನ್. ದೀರ್ಘ ಸ್ವರದ ಏಕಾಕ್ಷರ ಪದವಾದರೆ ನಡುವೆ ‘ಹ್’ ಬಂದು ಅದೇ ಸ್ವರ ಮರುಕಳಿಸುತ್ತದೆ: ಮಾ (ನೆಲ), ಮಾಹನ್, ಕೂ (ಚಂದ್ರ), ಕೂಹುನ್. ಉದ್ದ ಪದ ದೀರ್ಘದಲ್ಲಿ ಮುಗಿದರೆ ‘ಸೇನ್’: ಪೊರ್ವೋ ಎಂಬ ಊರು, ಪೊರ್ವೋಸೇನ್. ಹ್ರಸ್ವ-ದೀರ್ಘ ನಮ್ಮ ಲಿಪಿಯಲ್ಲಿ ಎದ್ದು ಕಾಣುವುದರಿಂದ ಕನ್ನಡದಲ್ಲೇ ಬರೆದು ರೂಢಿಸಿಕೊಳ್ಳಬಹುದು. ಚುಕ್ಕಿ ಹೊತ್ತ ಸ್ವರಗಳಿಗೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ.

ಎಡವುವುದು ಪ್ರಕೃತಿಯಲ್ಲಿ, ಅಂದರೆ ಪ್ರತ್ಯಯ ಹತ್ತುವ ಮೂಲಪದದಲ್ಲಿ. ತುರ್ಕು ನಗರದಲ್ಲಿ ಎನ್ನಲು ‘ತುರುಸ್ಸ’, ಕಕಾರ ಬಿದ್ದುಹೋಗಿದೆ. ಅದನ್ನೇ ಹಿಡಿದು ‘ತುರೂನ್’ ಅಂದರೆ ತಪ್ಪು, ‘ತುರ್ಕೂನ್’ ಆಗಬೇಕು. ಅಂಗಡಿಯಲ್ಲಿ ‘ಕೌಪಸ್ಸ’, ಅಂಗಡಿಗೆ ‘ಕೌಪ್ಪಾನ್’. ಕಾರಣ ಇಷ್ಟು: ‘ಸ್ಸ’ ಬಂದಾಗ ಹಿಂದಿನ ಅಕ್ಷರ ವ್ಯಂಜನದಿಂದ ಮುಚ್ಚಿಕೊಳ್ಳುತ್ತದೆ, ಆಗ ಕ, ಪ, ತ ಸಡಿಲವಾಗುತ್ತವೆ. ಇಲ್ಲೇಟಿವ್‌ನಲ್ಲಿ ಹಿಂದಿನ ಕಾಲದಲ್ಲಿ ಎರಡು ಸ್ವರಗಳ ನಡುವೆ ‘ಹ್’ ಇದ್ದು ಅಕ್ಷರ ತೆರೆದೇ ಇತ್ತು, ಅಂದರೆ ಸ್ವರದಲ್ಲೇ ಮುಗಿಯುತ್ತಿತ್ತು. ಆ ‘ಹ್’ ಇಂಥ ಪದಗಳ ಏಕವಚನದಲ್ಲಿ ಸವೆದುಹೋದರೂ ವ್ಯಂಜನದ ಬಿಗಿ ಉಳಿದುಕೊಂಡಿತು. ಬಹುವಚನದಲ್ಲಿ ಅದು ಈಗಲೂ ಇದೆ: ತಲೊಇಹಿನ್.

ಕ್ರಿಯಾಪದದ ಹಟವೂ ಉಂಟು. ಕೊಡೆಯನ್ನು ನಾವು ಬಸ್ಸಿನಲ್ಲಿ ಮರೆಯುತ್ತೇವೆ. ಫಿನ್ನರು ಬಸ್ಸಿನೊಳಕ್ಕೆ ಮರೆಯುತ್ತಾರೆ, ‘ಬುಸ್ಸೀನ್’. ಮನೆಯಲ್ಲಿ ಉಳಿಯುವುದಕ್ಕೂ ‘ಕೊತೀನ್’ (ಕೊತಿ ಅಂದರೆ ವಾಸದ ಮನೆ). ಇಲ್ಲಿ ಏಳನೇ ವಿಭಕ್ತಿ ಹಾಕುವ ಚಾಳಿ ಬೇಗ ಬಿಡುವುದಿಲ್ಲ.

ಎಸ್ಟೋನಿಯನ್‌ನಲ್ಲಿ ‘ಸ್ಸೆ’ ಪ್ರತ್ಯಯದ ಜತೆ ಗಿಡ್ಡ ರೂಪವೂ ಇದೆ, ಮಾತಿನಲ್ಲಿ ಅದರದ್ದೇ ಕಾರುಬಾರು. ತುಬ ಅಂದರೆ ಕೋಣೆ, ಕೋಣೆಯೊಳಕ್ಕೆ ‘ತುಪ್ಪ’. ಕನ್ನಡಿಗರಿಗೆ ಇದನ್ನು ಮರೆಯುವುದೇ ಕಷ್ಟ.

ಲಿಥುವೇನಿಯನ್‌ನಲ್ಲಿ ಕಾಡಿಗೆ ಎನ್ನಲು ‘ಮಿಷ್ಕನ್’ ಎಂಬ ರೂಪ ಇದೆ, ಆದರೆ ಶಿಷ್ಟ ಭಾಷೆಯಲ್ಲಿ ಸಾಮಾನ್ಯವಾಗಿ ‘ಈ ಮಿಷ್ಕಾ’, ಅಂದರೆ ಪೂರ್ವಪದದೊಂದಿಗೆ ದ್ವಿತೀಯೆ. ಬಲಕ್ಕೆ ‘ದೆಷಿನೇನ್’, ಎಡಕ್ಕೆ ‘ಕೈರೇನ್’ ಎಂಬಂಥವು ಬಳಕೆಯಲ್ಲಿ ಉಳಿದಿವೆ. ಲಾಟ್ವಿಯನ್‌ನಲ್ಲಿ ಸಪ್ತಮಿಯೇ ಎರಡೂ ಕೆಲಸ ಮಾಡುತ್ತದೆ. ನಮ್ಮ ‘ಒಳಗೆ ಇದ್ದಾನೆ’, ‘ಒಳಗೆ ಹೋದ’ ಇದ್ದ ಹಾಗೆ.

ಹಂಗೇರಿಯನ್‌ನಲ್ಲಿ ‘ಬ’ ಅಥವಾ ‘ಬೆ’, ಪದದ ಸ್ವರಕ್ಕೆ ಹೊಂದಿಕೊಂಡು: ಹಾಝ್‌ಬ (ಮನೆಯೊಳಕ್ಕೆ), ಕೆರ್ಟ್‌ಬೆ (ತೋಟದೊಳಕ್ಕೆ). 12ನೇ ಶತಮಾನದ ಕೊನೆಯ ಒಂದು ಶವಸಂಸ್ಕಾರದ ಪ್ರವಚನದಲ್ಲಿ ಇದು ಇನ್ನೂ ‘ಬೆಲೆ’ ಎಂದೇ ಇದೆ. ‘ಒಳಗೆ ಇರುವ’ ಅರ್ಥದ ‘ಬನ್’, ‘ಬೆನ್’ಗಳ ನಕಾರವನ್ನು ಆಡುಮಾತು ನುಂಗಿಬಿಡುತ್ತದೆ, ಕಿವಿಗೆ ಎರಡೂ ಒಂದೇ, ಬರೆವಣಿಗೆಯಲ್ಲಿ ಬೇರೆಬೇರೆ. ಊರುಗಳದ್ದು ಇನ್ನೊಂದು ತಕರಾರು: ಲಂಡನ್ನಿಗೆ ‘ಬ’, ಹಂಗೇರಿಯದೇ ಊರಾದ ಡೆಬ್ರೆತ್ಸೆನ್‌ಗೆ ‘ಬೆ’, ಬುಡಾಪೆಸ್ಟ್‌ಗಾದರೋ ‘ಮೇಲಕ್ಕೆ’ ಅರ್ಥದ ‘ರೆ’. ಊರಿನ ಹೆಸರಿನ ಜತೆಗೇ ಪ್ರತ್ಯಯವನ್ನೂ ಬಾಯಿಪಾಠ ಮಾಡಬೇಕು.