ಅಂಗಡಿಯಲ್ಲಿ ಲ್ಯಾವೆಂಡರ್, ಛತ್ರದಲ್ಲಿ ಬೂದಿ

ನಾನು ಬೊಕೆ ಕಟ್ಟುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಂಪು ಗುಲಾಬಿ, ಸುತ್ತ ಪುಟ್ಟ ಬಿಳಿ ಜಿಪ್ಸಿ ಹೂ, ಮೇಲೊಂದು ಮಿರಿಮಿರಿ ಪ್ಲಾಸ್ಟಿಕ್ ಹಾಳೆ ಇದ್ದರೆ ಸಾಕಿತ್ತು. ಈಗಿನವರು ಮೊಬೈಲಿನಲ್ಲಿ ಫೋಟೋ ತೋರಿಸಿಯೇ ಮಾತು ಶುರು ಮಾಡುತ್ತಾರೆ. ಪೀಚ್, ಕೆನೆ ಬಣ್ಣ, ಲ್ಯಾವೆಂಡರ್ ಅಂದರೆ ತಿಳಿ ನೇರಳೆ. ವರ್ಷಕ್ಕೊಂದು ಬಣ್ಣ ಆರಿಸಿ ಸಾರುವ ಬಣ್ಣದ ಕಂಪನಿ ಪ್ಯಾಂಟೋನ್‌ನವರು 2024ರ ಬಣ್ಣ ಅಂತ ಆರಿಸಿದ್ದೂ ಪೀಚನ್ನೇ. 2025ಕ್ಕೆ ಮೋಕಾ ಮೂಸ್, ಅಂದರೆ ಕಾಫಿ ಕಂದು. ಕಂದು ಹೂ ಎಲ್ಲಿಂದ ತರೋದು ಹೇಳಿ? ಒಣಗಿದ ಪಂಪಾಸ್ ಹುಲ್ಲು ಸಿಕ್ಕಿಸಿ, ಕಂದು ಕಾಗದ ಸುತ್ತಿ ಸರಿದೂಗಿಸುತ್ತೇವೆ.

ಒಂದು ಆರತಕ್ಷತೆಗೆ ಪೀಚ್ ಗುಲಾಬಿ, ಕೆನೆ ಬಣ್ಣದ ಕಾರ್ನೇಷನ್, ತಿಳಿ ನೇರಳೆ ಹೂ ಸೇರಿಸಿ ಬೊಕೆ ಕಟ್ಟಿದೆ. ಹೂವೆಲ್ಲ ಅವತ್ತೇ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್‌ನಿಂದ ತಂದಿದ್ದು. ಅಂಗಡಿಯ ಬಿಳಿ ಟ್ಯೂಬ್‌ಲೈಟಿನಲ್ಲಿ ನೋಡಿ ನಾನೇ ಖುಷಿಪಟ್ಟೆ. ಸಂಜೆ ಛತ್ರದಲ್ಲಿ ಹುಡುಗಿಯ ಕೈಗೆ ಕೊಟ್ಟಾಗ ಪಕ್ಕದಲ್ಲಿದ್ದ ಅಜ್ಜಿ ಕೇಳಿಯೇಬಿಟ್ಟರು: "ಬಾಡಿದ ಹೂ ಯಾಕಪ್ಪಾ ತಂದೆ?"

ವೇದಿಕೆ ತುಂಬ ಹಳದಿ ದೀಪ. ಆ ಬೆಳಕಿನಲ್ಲಿ ನೀಲಿ ಅಂಶ ತೀರಾ ಕಡಿಮೆ, ಹಾಗಾಗಿ ತಿಳಿ ನೇರಳೆ ಬೂದಿಯಂತಾಗಿತ್ತು. ಪೀಚ್, ಕೆನೆ ಎರಡೂ ಸೇರಿ ಒಂದೇ ಬಣ್ಣ. ಅಜ್ಜಿಯ ಕಣ್ಣಿನದೇನೂ ತಪ್ಪಿರಲಿಲ್ಲ.

ಅವತ್ತಿನಿಂದ ಆರ್ಡರ್ ತಗೊಳ್ಳುವಾಗ ಹೂವಿನ ಮಾತಿಗೆ ಮೊದಲು ಹಗಲೋ ರಾತ್ರಿಯೋ, ದೀಪ ಎಂಥದ್ದು, ಸೀರೆ ಯಾವ ಬಣ್ಣ ಅಂತ ಕೇಳುತ್ತೇನೆ. ಕಟ್ಟಿದ ಮೇಲೆ ಮೊಬೈಲಿನಲ್ಲಿ ಒಂದು ಕಪ್ಪು-ಬಿಳುಪು ಫೋಟೋ. ಎಲ್ಲ ಹೂವೂ ಒಂದೇ ಬೂದಿಯಾಗಿ ಕಂಡರೆ ಗಾಢ ಬಣ್ಣ ಸಾಲದು ಅಂತ ಅರ್ಥ. ಆಗ ನಾಲ್ಕೈದು ಮರೂನ್ ಕಾರ್ನೇಷನ್ ಸೇರಿಸುತ್ತೇನೆ. ಅಂಚಿಗಲ್ಲ, ಗುಲಾಬಿಗಳ ನಡುವೆ ಸ್ವಲ್ಪ ತಗ್ಗಿಸಿ. ಆಗ ಮುಂದಿನ ತಿಳಿ ಬಣ್ಣ ಎದ್ದು ಕಾಣುತ್ತದೆ. ನಮ್ಮ ಹಳೇ ಮಲ್ಲಿಗೆ, ಕನಕಾಂಬರ, ಮರುಗದ ಮಾಲೆ ನೋಡಿ: ಬಿಳಿ, ಕಿತ್ತಳೆ, ಹಸಿರು. ಛತ್ರದ ಹಳದಿ ದೀಪದ ಕೆಳಗಿಟ್ಟರೂ ಮೂರೂ ಬೇರೆ ಬೇರೆಯಾಗಿಯೇ ಕಾಣುತ್ತವೆ, ಅಲ್ವಾ?

ಕೌಂಟರ್ ಪಕ್ಕ ಈಗ ಒಂದು ಹಳದಿ ಬಲ್ಬ್ ಇದೆ. ಮೊನ್ನೆ ಒಬ್ಬ ಹುಡುಗಿ ರಾತ್ರಿಯ ಸಮಾರಂಭಕ್ಕೆ ಪೂರ್ತಿ ಲ್ಯಾವೆಂಡರೇ ಬೇಕು ಅಂತ ಹಟ ಹಿಡಿದಳು. ವಾದ ಮಾಡಲಿಲ್ಲ. ಟ್ಯೂಬ್‌ಲೈಟ್ ಆರಿಸಿ ಸುಮ್ನೆ ಬಲ್ಬ್ ಹಾಕಿದೆ. ಒಂದು ನಿಮಿಷ ನೋಡಿದಳು, ಆಮೇಲೆ ತಾನೇ ಬಕೆಟ್ಟಿನಿಂದ ಮರೂನ್ ಕಾರ್ನೇಷನ್ ಎತ್ತಿಕೊಂಡಳು.