ಪಂಪ್ ಬಿಚ್ಚುವ ಚಟ

ಶೆಟ್ರು ಮೂರನೇ ಸಲ ಬಂದಾಗ ಗ್ಯಾರೇಜಿನ ಒಳಗೆ ಕಾಲಿಡಲಿಲ್ಲ. ಪಿಕಪ್ಪನ್ನು ರಸ್ತೆಯ ಆಚೆ ಬದಿಯಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಚಹಾದಂಗಡಿಯ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾಲ್ಕು ಬೈದಿದ್ದರೆ ನನಗೂ ಸಮಾಧಾನ ಇರುತ್ತಿತ್ತು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ಯಾರೇಜಿನಲ್ಲಿ ನಾನು ಡೀಸೆಲ್ ಕೆಲಸದವ, ಹತ್ತೊಂಬತ್ತು ವರ್ಷದಿಂದ. ಶೆಟ್ರದ್ದು ಅಡಿಕೆ ವ್ಯಾಪಾರ. ತೋಟಗಳಿಂದ ಅಡಿಕೆ ಎತ್ತಿ ವಿಟ್ಲಕ್ಕೋ ಪುತ್ತೂರಿಗೋ ಮುಟ್ಟಿಸುವುದು ಈ ಗಾಡಿಯ ಕೆಲಸ. ಕೆಎಲ್-14 ನಂಬರ್, 2008ರ ಮಾಡೆಲ್, ಎಂಜಿನಿಗೆ ಡೀಸೆಲ್ ಹಂಚಲು ಹಳೇ ಕಾಲದ ರೋಟರಿ ಪಂಪ್. ಸೆನ್ಸರ್, ಇಸಿಎಂ (ಎಂಜಿನಿನ ಕಂಪ್ಯೂಟರ್) ಎಂಬ ಯಾವ ತಲೆನೋವೂ ಇಲ್ಲ. ಇಂಥ ಗಾಡಿ ಬಂದರೆ ನನಗೆ ಖುಷಿ. ಆ ಖುಷಿಯೇ ಈ ಸಲ ಕೈಕೊಟ್ಟಿತು.

ಮೊದಲನೇ ದಿನ ಶೆಟ್ರು ಹೇಳಿದ್ದು ಇಷ್ಟೇ: "ಓಡ್ತಾ ಓಡ್ತಾ ಒಮ್ಮೆಲೇ ಬಂದ್ ಆಗ್ತದೆ ಮಾರಾಯ. ಕೀ ಆಫ್ ಮಾಡಿ ಪುನಃ ತಿರುಗಿಸಿದ್ರೆ ತಕ್ಷಣ ಸ್ಟಾರ್ಟ್. ಕೆಲವು ಸಲ ಬಂದ್ ಆಗುದಿಲ್ಲ, ಒಂದು ಜರ್ಕ್ ಹೊಡೆದು ಮುಂದೆ ಹೋಗ್ತದೆ."

ರೋಗ ಎಲ್ಲಿದೆ ಎಂದು ಅವರು ಪೂರ್ತಿ ಹೇಳಿ ಆಗಿತ್ತು. ನನ್ನ ಕಿವಿಗೆ ಬಿದ್ದದ್ದು "ಬಂದ್ ಆಗ್ತದೆ", "ಜರ್ಕ್" ಎರಡೇ. ಹಳೇ ಡೀಸೆಲ್ ಗಾಡಿ ಓಡುತ್ತಾ ನಿಂತರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿರಬೇಕು, ಇಲ್ಲ ಟ್ಯಾಂಕಿನಲ್ಲಿ ಕಸ ಇರಬೇಕು ಎಂದು ನನ್ನ ತಲೆಯಲ್ಲಿ ಅಚ್ಚಾಗಿಬಿಟ್ಟಿದೆ. ಫಿಲ್ಟರ್ ಬದಲಿಸಿದೆ. ಕೆಳಗಿನ ನೀರಿನ ಬಟ್ಟಲು ಬಿಚ್ಚಿದಾಗ ಅರ್ಧ ಗ್ಲಾಸಿನಷ್ಟು ನೀರು ಬಂತು. "ನೋಡಿ ಶೆಟ್ರೇ, ಇಲ್ಲಿಯೇ ಉಂಟು" ಎಂದು ಗ್ಲಾಸನ್ನು ಬೆಳಕಿಗೆ ಹಿಡಿದು ತೋರಿಸಿದ್ದೂ ನಾನೇ. ಟ್ಯಾಂಕಿನಿಂದ ಬರುವ ಹಳೇ ಹೋಸ್, ಪೈಪ್ ಕೂರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಎಲ್ಲ ಹೊಸತು ಹಾಕಿ ಏರ್ ತೆಗೆದೆ. ಎಳೆಯುವ ಬದಿಯ ಪೈಪ್ ಸೀಳಿದರೆ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಒಣಗಿಯೇ ಇರುತ್ತದೆ. ಅದಕ್ಕೆ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ ಹತ್ತು ನಿಮಿಷ ರೇಸ್ ಕೊಟ್ಟು ನೋಡಿದೆ.

ಒಂದೇ ಒಂದು ಗುಳ್ಳೆ ಇರಲಿಲ್ಲ. ರಿಪೇರಿ ಆಯಿತು ಅಂದುಕೊಂಡೆ. ಗುಳ್ಳೆ ಮೊದಲೂ ಇರಲಿಲ್ಲವೋ ಏನೋ ಎಂಬ ಸಂಶಯ ಬರಲಿಲ್ಲ. ಹಳೇ ಹೋಸನ್ನು ಪರೀಕ್ಷೆ ಮಾಡದೆಯೇ ಬಿಸಾಡಿದ್ದೆ.

ನೀರ್ಚಾಲು ತನಕ ಎರಡು ಸಲ ಓಡಿಸಿದೆ. ಬೆಣ್ಣೆಯ ಹಾಗೆ ಓಡಿತು. ನಾಲ್ಕನೇ ದಿನಕ್ಕೆ ಶೆಟ್ರು ವಾಪಸ್.

ಆಗ ಪಂಪ್ ಬಿಚ್ಚಿದೆ. ಮುದಲಾಳಿಗೂ, ಅಂದರೆ ಗ್ಯಾರೇಜಿನ ಯಜಮಾನರಿಗೂ, ಪಂಪ್ ಬಿಚ್ಚುವುದೆಂದರೆ ಇಷ್ಟ, ಬಿಲ್ ದೊಡ್ಡದಾಗುತ್ತದಲ್ಲ. ಮಂಗಳೂರಿಗೆ ಕಳಿಸಿದೆವು. ಅಲ್ಲಿನ ಪಂಪಿನವರು ಫೋನಿನಲ್ಲಿ, "ಇದಕ್ಕೇನೂ ಅಂಥ ದೊಡ್ಡ ತೊಂದರೆ ಇಲ್ಲ, ಮಾಡ್ಬೇಕಾ?" ಎಂದು ಕೇಳಿದರು. "ಮಾಡಿ, ಒಮ್ಮೆ ಮಾಡಿದ್ರೆ ಮತ್ತೆ ನೋಡ್ಲಿಕ್ಕಿಲ್ಲ" ಎಂದೆ. ಆ ಮಾತು ಈಗಲೂ ರಾತ್ರಿ ನೆನಪಾದರೆ ಮಗ್ಗುಲು ಬದಲಿಸುತ್ತೇನೆ. 9,800 ರೂಪಾಯಿ, ನಮ್ಮ ಕೂಲಿ ಬೇರೆ. ಪಂಪ್ ಕೂರಿಸಿ, ಟೈಮಿಂಗ್ ಹೊಂದಿಸಿ, ಈ ಸಲ ಪೆರ್ಲದವರೆಗೆ ಹೋಗಿ ಬಂದೆ. ಒಂದು ಜರ್ಕೂ ಇಲ್ಲ.

ಇದರ ನಡುವೆ ಮುದಲಾಳಿಯ ಹೊಸ ಸ್ಕ್ಯಾನರ್. ಕಳೆದ ವರ್ಷ ಸಾಲ ಮಾಡಿ ತಂದದ್ದು, ಬಡಪಾಯಿಗೆ ಅದನ್ನು ಎಲ್ಲ ಗಾಡಿಗೂ ಚುಚ್ಚುವ ಆಸೆ. "ಸ್ಕ್ಯಾನ್ ಮಾಡಿದೆಯಾ?" ಎಂದು ದಿನಕ್ಕೆ ಎರಡು ಸಲ ಕೇಳುತ್ತಾರೆ. ಈ ಗಾಡಿಗೆ ಚುಚ್ಚಲು ಪೋರ್ಟೇ ಇಲ್ಲ ಎಂದರೆ ನಾನು ಸೋಮಾರಿ ಅನ್ನುವ ಹಾಗೆ ಮುಖ ಮಾಡುತ್ತಾರೆ. ಕರೆಂಟ್ ನೋಡುವ ಒಂದು ಒಳ್ಳೆ ಮೀಟರ್ ಕೊಡಿಸಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ, ಅದಕ್ಕೆ ದುಡ್ಡಿಲ್ಲ.

ಹಾಗೆ ಮೂರನೇ ಸಲ. ಗಾಡಿಯಲ್ಲಿ ಹದಿನೈದು ಚೀಲ ಅಡಿಕೆ. ಶೆಟ್ರು ಎದ್ದು ಬಂದವರು, "ಖಾಲಿ ಗಾಡಿ ಓಡಿಸಿದ್ದು ಸಾಕು. ಲೋಡಲ್ಲಿ ನೋಡು, ನಾನೂ ಕೂತ್ಕೊಳ್ತೇನೆ" ಎಂದರು. ಎಂಜಿನ್ ಸ್ಟಾರ್ಟಿನಲ್ಲೇ ಇತ್ತು. ನಾನು ಹತ್ತಿ ಸ್ಟೇರಿಂಗ್ ಹಿಡಿದೆ, ಗ್ಯಾರೇಜಿನ ಹುಡುಗ ಹಿಂದೆ ಚೀಲದ ಮೇಲೆ.

ಪೆರ್ಲ ದಾಟಿದ ಮೇಲೆ ಒಂದು ಏರು. ಸೆಕೆಂಡ್ ಗೇರಿನಲ್ಲಿ ಹೋಗುತ್ತಿದ್ದೆ, ಎದುರಿನಿಂದ ಆಟೋ ಬಂತೆಂದು ಬದಿಗೆ ತೆಗೆದಾಗ ಚಕ್ರ ಒಂದು ಗುಂಡಿಗೆ ಇಳಿಯಿತು, ನಾನು ಕ್ಲಚ್ ಒತ್ತಿದೆ, ಅಷ್ಟೇ. ಸದ್ದೇ ಇಲ್ಲ. ಮುಕ್ಕಿ ಮುಕ್ಕಿ ನಿಂತದ್ದಲ್ಲ, ಮನೆಯಲ್ಲಿ ಕರೆಂಟ್ ಹೋದ ಹಾಗೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಸ್ಸು.

ಬ್ರೇಕ್ ಒತ್ತಿದೆ, ಹಿಡಿಯಿತು. ಹೆದರಿಕೆಯಲ್ಲಿ ಬಿಟ್ಟು ಪುನಃ ಒತ್ತಿದೆ, ಮತ್ತೊಮ್ಮೆ. ಮಾಡಬಾರದ್ದು ಅದು. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ, ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಒತ್ತಿಗೆ ಸಾಕು. ಮೂರನೆಯದಕ್ಕೆ ಪೆಡಲ್ ಕಲ್ಲಾಯಿತು, ಗಾಡಿ ನಿಧಾನ ಹಿಂದೆ ಜಾರತೊಡಗಿತು. ಹ್ಯಾಂಡ್ ಬ್ರೇಕ್ ಎಳೆದರೆ ಲಿವರ್ ಮೇಲಿನ ತನಕ ಬಂತು, ಹಿಡಿಯಲಿಲ್ಲ. "ಹ್ಯಾಂಡ್ ಬ್ರೇಕ್ ಲೂಸ್" ಎಂದು ಜಾಬ್ ಕಾರ್ಡಿನಲ್ಲಿ ಬರೆದವ ನಾನೇ, ಮಾಡದೆ ಬಿಟ್ಟವನೂ ನಾನೇ. ಶೆಟ್ರು ಡ್ಯಾಶ್‌ಬೋರ್ಡ್ ಹಿಡಿದುಕೊಂಡು "ದೇವರೇ" ಅನ್ನುತ್ತಿದ್ದರು. ಎಡಗಾಲು ಇನ್ನೂ ಕ್ಲಚ್ಚಿನ ಮೇಲೇ ಇದೆ ಎಂದು ಗೊತ್ತಾಗಲು ಎಷ್ಟು ಹೊತ್ತು ಹಿಡಿಯಿತೋ. ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟಾಗ ಗಾಡಿ ಒಮ್ಮೆ ಕುಪ್ಪಳಿಸಿ ನಿಂತಿತು. ಹುಡುಗ ಆಗಲೇ ಹಾರಿ ಒಂದು ಮುರಕಲ್ಲಿನ ತುಂಡನ್ನು ಹಿಂದಿನ ಚಕ್ರಕ್ಕೆ ಕೊಟ್ಟು, "ಆಶಾನೇ, ಕಲ್ಲು ಕೊಟ್ಟೆ, ಕಾಲು ತೆಗೀರಿ!" ಎಂದು ಕೂಗಿದ. ಆಶಾನ್ ಎಂದರೆ ಮೇಸ್ತ್ರಿ, ಅವನು ನನ್ನನ್ನು ಕರೆಯುವುದು ಹಾಗೆ. ಬಸ್ಸು ಎರಡು ಮಾರು ಹಿಂದೆ ನಿಂತಿತ್ತು.

ಕೈ ನಡುಗುತ್ತಿತ್ತು. ಏನೋ ನೋಡುವ ಎಂದು ಡ್ಯಾಶ್‌ಬೋರ್ಡಿನ ಮೀಟರ್ ನೋಡಿದೆ. ಅಲ್ಲಿ ಕತ್ತಲೆ. ಆಯಿಲ್ ಲೈಟ್ ಇಲ್ಲ, ಚಾರ್ಜ್ ಲೈಟ್ ಇಲ್ಲ. ಡೀಸೆಲ್ ಇಲ್ಲದೆ ಎಂಜಿನ್ ನಿಂತರೆ ಕೀ ಆನ್‌ನಲ್ಲೇ ಇರುವುದರಿಂದ ಆ ಎರಡು ಕೆಂಪು ಲೈಟ್ ಉರಿಯಲೇಬೇಕು. ಕೀ ಆನ್‌ನಲ್ಲೇ ಇತ್ತು. ಅದರ ಕೆಳಗೆ ಶೆಟ್ರ ಕೀ ಗೊಂಚಲು ಇನ್ನೂ ತೂಗುತ್ತಿತ್ತು. ಗೋಡೌನಿನ ಎರಡು, ಕಪಾಟಿನದ್ದು, ತೋಟದ ಪಂಪ್ ಶೆಡ್ಡಿನದ್ದು, ಮನೆಯದ್ದು, ಒಂದು ಹಿತ್ತಾಳೆಯ ಗಂಟೆ, ಉಗುರು ಕತ್ತರಿಸುವ ಕಟ್ಟರ್. ಅಂಗೈಯಲ್ಲಿ ಅದನ್ನು ಸ್ವಲ್ಪ ಎತ್ತಿದೆ. ಲೈಟ್ ಬಂತು, ಬಾನೆಟ್ಟಿನ ಒಳಗಿನಿಂದ "ಟಿಕ್" ಎಂದಿತು. ಬಿಟ್ಟೆ, ಕತ್ತಲೆ. ಎತ್ತಿದೆ, ಟಿಕ್.

"ಎಂತ ಆಟ ಆಡ್ತಿದ್ದಿ?" ಎಂದರು ಶೆಟ್ರು.

ಆ ಟಿಕ್ ರೋಟರಿ ಪಂಪಿನ ಹಿಂದಿರುವ ಸ್ಟಾಪ್ ಸೊಲೆನಾಯ್ಡಿನದ್ದು. ಕೀಯಿಂದ 12 ವೋಲ್ಟ್ ಬರುತ್ತಿರುವಷ್ಟು ಹೊತ್ತು ಡೀಸೆಲಿಗೆ ದಾರಿ ಬಿಡುತ್ತದೆ, ಕರೆಂಟ್ ಕಡಿದರೆ ಸ್ಪ್ರಿಂಗ್ ಬಾಗಿಲು ಹಾಕುತ್ತದೆ. ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಬೇಡ, ಇಂಥ ಹಳೇ ಎಂಜಿನಿಗಂತೂ ಒಮ್ಮೆ ಸ್ಟಾರ್ಟ್ ಆದ ಮೇಲೆ ವಿದ್ಯುತ್ತಿನ ಹಂಗು ಅಲ್ಲೊಂದೇ. ಗೇರಿನಲ್ಲಿ ಓಡುವಾಗ ಕ್ಷಣ ಮಾತ್ರ ಕಡಿದರೆ ಗಾಡಿಯ ಓಟವೇ ಎಂಜಿನನ್ನು ತಿರುಗಿಸುತ್ತದೆ, ಒಂದು ಜರ್ಕ್ ಹೊಡೆದು ಮತ್ತೆ ಹಿಡಿಯುತ್ತದೆ. ಕ್ಲಚ್ ಒತ್ತಿದ ಹೊತ್ತಿಗೆ ಕಡಿದರೆ ಸತ್ತೇ ಹೋಗುತ್ತದೆ. ಶೆಟ್ರು ಮೊದಲನೇ ದಿನ ಹೇಳಿದ್ದು ಅಕ್ಷರಕ್ಷರ ಇದನ್ನೇ.

ಮತ್ತೆ ನನ್ನ ಕೈಯಲ್ಲಿ ಯಾಕೆ ಒಮ್ಮೆಯೂ ನಿಲ್ಲಲಿಲ್ಲ? ಗ್ಯಾರೇಜಿಗೆ ಗಾಡಿ ಬಿಡುವಾಗ ಶೆಟ್ರು ಗೊಂಚಲಿನಿಂದ ಗಾಡಿಯ ಕೀ ಒಂದನ್ನೇ ಬಿಡಿಸಿ ಕೊಡುತ್ತಿದ್ದರು. ಗೋಡೌನಿನ ಕೀ ನಮ್ಮಲ್ಲಿ ಬಿಡುವುದುಂಟಾ? ನೀರ್ಚಾಲಿಗೂ ಪೆರ್ಲಕ್ಕೂ ನಾನು ಓಡಿಸಿದ್ದು ಆ ಒಂಟಿ ಕೀಯಲ್ಲಿ.

ವಾಪಸ್ ಬಂದು, ಎರಡು ವಯರ್ ಕಟ್ಟಿದ ಬಲ್ಬನ್ನು ಸೊಲೆನಾಯ್ಡಿಗೂ ಬಾಡಿಗೂ ಹಿಡಿಸಿ, ಕಿಟಕಿಯಿಂದ ಒಳಗೆ ತಂದು, ಮಣ್ಣಿನ ರಸ್ತೆಯಲ್ಲಿ ಓಡಿಸಿದೆ. ಗೊಂಚಲು ತೂಗಿದ ಹಾಗೆ ಬಲ್ಬ್ ಮಿಣುಕಿತು. ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಸವೆದು, ಒಂದು ಬದಿ ಸುಟ್ಟು ಕಪ್ಪಾಗಿತ್ತು. ಹೊಸ ಸ್ವಿಚ್ಚಿಗೆ 650 ರೂಪಾಯಿ. ಗೊಂಚಲನ್ನು ಶೆಟ್ರ ಅಂಗಡಿಯ ತಕ್ಕಡಿಯಲ್ಲೇ ತೂಗಿದೆವು, 310 ಗ್ರಾಂ.

ಅಕ್ಕನ ಮಗ ಇದನ್ನು ಕೇಳಿ ನಕ್ಕ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಇಗ್ನಿಷನ್ ಸ್ವಿಚ್ಚಿನ ದೋಷಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿತ್ತಂತೆ, ರಿಪೇರಿ ಆಗುವವರೆಗೆ ಗೊಂಚಲಿನಲ್ಲಿ ಬೇರೇನೂ ಇಡಬೇಡಿ, ಬರೀ ಕಾರಿನ ಕೀ ಮಾತ್ರ ಎಂದು ಓನರುಗಳಿಗೆ ಹೇಳಿತ್ತಂತೆ. ಅಲ್ಲಿ ಜನ ಸತ್ತಿದ್ದರು. ಆ ಏರಿನ ಬಸ್ಸು ನೆನಪಾಗಿ ನನಗೆ ನಗು ಬರಲಿಲ್ಲ.

ಪಂಪಿನ ದುಡ್ಡಿನ ಮಾತು ನಾನೇ ತೆಗೆದೆ. ಮುದಲಾಳಿ, "ಹಳೇ ಪಂಪ್, ಹೇಗೂ ಒಮ್ಮೆ ಮಾಡಿಸ್ಲೇಬೇಕಿತ್ತು" ಎಂದು ಸ್ಕ್ಯಾನರ್ ಒರೆಸುತ್ತಾ ಕೂತರು. ಶೆಟ್ರು ಈವರೆಗೆ ಒಂದು ಮಾತು ಎತ್ತಿಲ್ಲ. ಸ್ವಿಚ್ಚಿನ ಕೂಲಿ ನಾನು ಬೇಡ ಎಂದರೂ ಇಟ್ಟು ಹೋದರು. ಹ್ಯಾಂಡ್ ಬ್ರೇಕ್ ಕೇಬಲ್ ಮಾತ್ರ ಅವತ್ತೇ ಸಂಜೆ ಹಾಕಿದೆ.

ಈಗ ಗಾಡಿ ನಿಲ್ಲುತ್ತದೆ ಎಂದು ಯಾರೇ ಬರಲಿ, ಮೊದಲು ಕೇಳುವುದು, ನಿಂತಾಗ ಕೆಂಪು ಲೈಟ್ ಉರಿಯಿತಾ ಎಂದು. ಮೊನ್ನೆ ಕುಂಬಳೆಯಿಂದ ಒಬ್ಬರು ಜೀಪು ತಂದು ಒಂಟಿ ಕೀ ಕೊಟ್ಟರು. "ಉಳಿದ ಕೀಗಳನ್ನೂ ಕೊಡಿ" ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಮುದಲಾಳಿ ಎಲ್ಲಿದ್ದಾರೆ ಎಂದು ಕೇಳಿದರು.